ಐದು ಕಲ್ಲು, ಒಬ್ಬ ಕಳ್ಳ

“ಒಂದ ಕೊಡ ನೀರು, ಎಂಬತ್ತು ಚೌಕ ಬೆಳಿ. ಇದು ನನ್ನ ಹೊಲದ ಲೆಕ್ಕ ನೋಡ್ರಿ,” ಎಂದರು ಮಹಾಂತ ಸರ, ಲ್ಯಾಪ್‌ಟಾಪಿನ ಪರದೆಯ ಮೇಲೆ ಬೆರಳಾಡಿಸುತ್ತ.

ಬೆಂಚಿನ ತುದಿಯಲ್ಲಿ ಕುಳಿತ ನಂದಾ ತುಟಿ ಕಚ್ಚಿ ಹಿಡಿದಳು. ಆ ಮಾತು ಅವಳದು. ಹೊಲವೂ ಅವಳದು. ತನ್ನ ಮಾತನ್ನು ತನ್ನ ಎದುರಿಗೇ ಇನ್ನೊಬ್ಬರ ಬಾಯಲ್ಲಿ ಕೇಳುವ ಸಂಕಟ ವೈರಿಗೂ ಬೇಡ.

ಹನ್ನೊಂದು ತಿಂಗಳು ಕೂತು ಅವಳು ಚೌಕ ಇಟ್ಟಂಗಿ ಜೋಡಿಸಿ ಬೇಕಾದ್ದನ್ನು ಕಟ್ಟುವ ಕಂಪ್ಯೂಟರಿನ ‘ಇಟ್ಟಂಗಿ ಆಟ’ದೊಳಗೆ ಕಟ್ಟಿದ ಹೊಲ ಒಂಬತ್ತು ದಿನದ ಹಿಂದೆ ಪಂಚಾಯತಿ ಕಂಪ್ಯೂಟರಿನಿಂದ ಮಾಯವಾಗಿತ್ತು, ಮೊನ್ನೆ ಅದೇ ಹೊಲ ಜತ್ತದ ಕಂಪ್ಯೂಟರ್ ಕ್ಲಾಸಿನ ಮಹಾಂತ ಸರನ ಹೆಸರಿನಲ್ಲಿ ಸಾಂಗಲಿಯ ಪ್ರದರ್ಶನಕ್ಕೆ ಹೋಗಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಒಂದು ಮಾತು. ‘ಸೊರಡಿಯ ನಂದಾ ಎಂಬ ಹುಡುಗಿ ನನ್ನ ಕೆಲಸವನ್ನು ಕದ್ದಿದ್ದಾಳೆ’ ಎಂದು ಸರ ಅರ್ಜಿಯನ್ನೂ ಬರೆದು ಕೊಟ್ಟಿದ್ದರು.

ಇವತ್ತು ನಾಲ್ಕು ಗಂಟೆಯೊಳಗೆ ಸೊರಡಿಯ ಪೋಲಿಸ ಪಾಟೀಲರ ವರದಿ ಜತ್ತ ಮುಟ್ಟಬೇಕು. ಅದರಲ್ಲಿ ಕಳ್ಳನ ಹೆಸರು ಇರಲಿಲ್ಲವೆಂದರೆ ಅರ್ಜಿಯಲ್ಲಿದ್ದ ಹೆಸರೇ ಉಳಿಯುತ್ತದೆ. ಇಪ್ಪತ್ತು ವರ್ಷದ ಹುಡುಗಿಗೆ ‘ಕಳ್ಳಿ’ ಅನ್ನುವ ಹೆಸರು ಒಮ್ಮೆ ಅಂಟಿತೆಂದರೆ ಏಳು ಕೆರೆಯ ನೀರು ಹಾಕಿ ತೊಳೆದರೂ ಹೋಗುವುದಿಲ್ಲ.

ಊರಿನ ತಕರಾರು ವಿಚಾರಿಸಿ ಠಾಣೆಗೆ ವರದಿ ಬರೆಯುವ ಪೋಲಿಸ ಪಾಟೀಲ ಎಂದರೆ ಮೀಸೆ ಮತ್ತು ರುಮಾಲು ಅಂತ ತಿಳಿದವರು ಸೊರಡಿಗೆ ಬಂದಿಲ್ಲ. ಇಲ್ಲಿಯ ಪೋಲಿಸ ಪಾಟೀಲ ಸುನಿತಾ. ನಲವತ್ತೆರಡು ವರ್ಷ, ಕುರಿ ಕಾಯುವ ಮನೆಯ ಸೊಸೆ, ಪರೀಕ್ಷೆ ಬರೆದು ಗಂಡಸರನ್ನೆಲ್ಲ ಹಿಂದೆ ಹಾಕಿ ಬಂದ ಹೆಂಗಸು. ಮೂರು ವರ್ಷದಲ್ಲಿ ಅವಳು ಬರೆದ ಒಂದೇ ಒಂದು ವರದಿಯೂ ಠಾಣೆಯಿಂದ ತಿರುಗಿ ಬಂದಿಲ್ಲ. ಅದರ ಬಗ್ಗೆ ಅವಳಿಗೆ ಹಮ್ಮಿತ್ತು. ಇರಲಿ ಬಿಡಿ, ದುಡಿದು ಗಳಿಸಿದ ಹಮ್ಮು, ಯಾರಪ್ಪನ ಗಂಟೂ ಅಲ್ಲ.

“ಮೆಟ್ಟಿಲ ಮೆಟ್ಟಿಲ ಯಾಕ ಮಾಡೀರಿ, ಸರ?” ಎಂದು ಕೇಳಿದಳು ಸುನಿತಾ.

“ಈ ಆಟದಾಗ ನೀರು ಸಪಾಟ ನೆಲದ ಮ್ಯಾಲ ಏಳು ಹೆಜ್ಜಿ ಹರದು ನಿಂತ ಬಿಡ್ತದರಿ. ಒಂದು ಮೆಟ್ಟಿಲ ಇಳಿಸಿದ್ರ ಮತ್ತ ಏಳು ಹೆಜ್ಜಿ. ಅದಕ್ಕ ಏಳೇಳು ಹೆಜ್ಜಿಗಿ ಒಂದೊಂದು ಒಡ್ಡು. ಮ್ಯಾಲ ಒಂದು ಬಾಗಲಾ ತಗದ್ರ ಸಾಕು, ಅದ ನೀರು ಆರೂ ಪಟ್ಟಿ ಗೋಧಿ ಕೊಯ್ಕೊಂತ ಕೆಳಗ ಬಂದು ಕಾಳೆಲ್ಲಾ ಪೆಟಗ್ಯಾಗ ಹಾಕ್ತದ.”

“ಮತ್ತ ಬಿತ್ತೋರು?”

“ಇಲ್ಲಿ ಟೊಪಿಗಿ ಹಾಕ್ಕೊಂಡು ನಿಂತಾನಲ್ಲ, ಈ ಆಳು. ಕೊಯ್ದ ಜಾಗಾಕ್ಕ ತಾನ ಬಿತ್ಕೊಂತ ಬರ್ತಾನ.”

“ಕಬ್ಬು?”

“ಕಬ್ಬು ಮೂರು ಇಟ್ಟಂಗಿ ಎತ್ತರ ಆದ ಕೂಡ್ಲೆ ಬಾಜೂಕಿನ ಕಾವಲ ಕಣ್ಣು ನೋಡ್ತದ. ಕಣ್ಣು ತೋಳಿಗಿ ಹೇಳ್ತದ, ತೋಳು ನಡುವಿಗಿ ಹೊಡೀತದ. ಬುಡ ಹಂಗ ಉಳೀತದ, ಕೂಳಿ ಚಿಗೀತದ.”

ಒಂದೂ ತಪ್ಪಿಲ್ಲ. ಹತ್ತು ನಿಮಿಷದ ಹಿಂದೆ ನಂದಾ ಕೊಟ್ಟ ಉತ್ತರಗಳೂ ಇವೇ. ಕಲಿಸಿ ತಿನ್ನುವವರು ಸರ. ಇನ್ನೊಬ್ಬರ ಯಂತ್ರ ಬಿಚ್ಚಿ ನೋಡಿ ತಿಳಿದುಕೊಳ್ಳುವುದು ಅವರಿಗೆ ಯಾವ ಮಹಾ ವಿದ್ಯೆ?

ಬಾಗಿಲ ಹತ್ತಿರ ಕಾಲು ಚಾಚಿ ಕುಳಿತಿದ್ದ ನಂದಾಳ ಅಜ್ಜಿ ಶಿವಲಿಂಗವ್ವ ಮೂಗು ಮುರಿದಳು. “ಎಲ್ಲಾ ಚಲೋ ಅದ. ಜ್ವಾಳ ಒಂದ ಇಲ್ಲ. ಜ್ವಾಳ ಇಲ್ಲದ್ದು ಎಂಥಾ ಹೊಲಾ?”

“ಆಯಿ, ಆ ಆಟದಾಗ ಜ್ವಾಳಾನ ಇಲ್ಲ ಅಂತ ನೂರ ಸಲ ಹೇಳೀನಿ,” ಎಂದಳು ನಂದಾ.

“ಆಟ ಮಾಡಿದಾಂವ ರೊಟ್ಟಿ ಉಂಡಿಲ್ಲ ಹಂಗಾರ.”

ಗೋಡೆಗೆ ಆತು ಕುಳಿತ ಇಬ್ಬರೂ ನಕ್ಕರು. ಒಬ್ಬ ಪಂಚಾಯತಿ ಸದಸ್ಯ ಬಾಳಾಸಾಹೇಬ. ಸಾಂಗಲಿಗೆ ನಂದಾಳ ಬದಲು ತನ್ನ ಅಣ್ಣನ ಮಗಳ ಹೆಸರು ಹೋಗಲಿಲ್ಲವೆಂದು ಊರ ತುಂಬ ಬುಸುಗುಟ್ಟಿಕೊಂಡು ತಿರುಗಿದವನು. ಇನ್ನೊಬ್ಬ ಎದುರಿನ ಝೆರಾಕ್ಸ್ ಅಂಗಡಿಯ ಅಮೋಗಸಿದ್ದ. ಊರಿನ ಪೆನ್‌ಡ್ರೈವುಗಳೆಲ್ಲ ಅವನ ಕೈ ಹಾಯ್ದೇ ಹೋಗಬೇಕು. ಸುನಿತಾಳ ನೋಟಬುಕ್ಕಿನಲ್ಲಿದ್ದ ಮೂರು ಹೆಸರುಗಳಲ್ಲಿ ಎರಡು ಇವರವು. ಮೂರನೆಯದು ಮಹಾಂತ ಸರನದು.

ಲ್ಯಾಪ್‌ಟಾಪಿನ ವೈರನ್ನು ಪಂಚಾಯತಿಯ ದೊಡ್ಡ ಪರದೆಗೆ ಸಿಕ್ಕಿಸಿ, ಮೌಸ್ ಹಿಡಿದು ಹೊಲವನ್ನು ಎಲ್ಲರಿಗೂ ತೋರಿಸುತ್ತಿದ್ದವನು ರೇವಣ್ಣ. ಪಂಚಾಯತಿಯ ಕಂಪ್ಯೂಟರ್ ಆಪರೇಟರ್, ಇಪ್ಪತ್ತೊಂಬತ್ತು ವರ್ಷದವನು, ಸುನಿತಾಳ ಸ್ವಂತ ಮೈದುನ. ಮಧ್ಯಾಹ್ನದ ಹೊತ್ತು ನಂದಾಗೆ ಈ ಕಂಪ್ಯೂಟರ್ ಬಿಟ್ಟುಕೊಟ್ಟವನು ಅವನೇ. ಹೊಲ ಮಾಯವಾದ ದಿನ ಏದುಸಿರು ಬಿಡುತ್ತ ಬಂದು, “ವೈನಿ, ಪಾಪ ಆ ಹುಡುಗಿದು ಎಲ್ಲಾ ಹೋತು,” ಅಂದವನೂ ಅವನೇ. ಅವನ ಹೆಸರು ನೋಟಬುಕ್ಕಿನಲ್ಲಿ ಇರಲಿಲ್ಲ.

ಗಂಟೆ ಹನ್ನೆರಡೂವರೆ. ಇಬ್ಬರ ಉತ್ತರವೂ ಒಂದೇ ತೂಕ. ಬೆಳಿಗ್ಗೆ ಹೊರಡುವಾಗ ಗಂಡ ಬಸಗೊಂಡ ಅಂದದ್ದು ಸುನಿತಾಗೆ ನೆನಪಾಯಿತು. ಸಂತೆಗೆ ಕುರಿ ಒಯ್ಯುವ ಗಾಡಿಯ ಗಾಲಿಗೆ ಗಾಳಿ ಹೊಡೆಯುತ್ತಿದ್ದವನು ತಲೆ ಎತ್ತದೆ, “ಇವತ್ತ ಕಳಸಬೇಕಂತ ಏನದ? ಆಟದ ಹೊಲಾ ಅದು. ಆಟ ಅಂತ ಬಿಟ್ಟ ಬಿಡು,” ಅಂದಿದ್ದ.

ಬಿಡುವ ಹೆಂಗಸಾಗಿದ್ದರೆ ಅವಳು ಈ ಖುರ್ಚಿಗೆ ಬರುತ್ತಲೇ ಇರಲಿಲ್ಲ. ಸುನಿತಾಗೆ ಕುರಿ ಹಟ್ಟಿಯ ಪಾಠ ಗೊತ್ತಿತ್ತು. ಕದ್ದ ಕುರಿಗೆ ಬಣ್ಣ ಬಳಿಯಬಹುದು, ಕಿವಿಯ ಗುರುತು ಕೊಯ್ದು ಬದಲು ಮಾಡಬಹುದು. ಯಾರದೆಂದು ಜಗಳ ಬಿದ್ದರೆ ಮಾತು ಬೇಡ, ಮರಿ ಬಿಡು. ಮರಿ ತನ್ನ ತಾಯಿಯನ್ನು ಹುಡುಕಿಕೊಂಡು ಹೋಗುತ್ತದೆ. ಅತ್ತೆ ಅಕ್ಕವ್ವ ಕಲಿಸಿದ ವಿದ್ಯೆ. ಎರಡು ವರ್ಷದ ಹಿಂದೆ ಮಾಡಗ್ಯಾಳದ ಸಂತೆಯಲ್ಲಿ ಹದಿನಾಲ್ಕು ಕುರಿಗಳನ್ನು ಸುನಿತಾ ಹೀಗೇ ಬಿಡಿಸಿ ತಂದಿದ್ದಳು, ಇಡೀ ತಾಲೂಕು ಅದನ್ನು ಆಡಿಕೊಂಡಿತ್ತು.

ಈಗಲೂ ಅವಳು ಮರಿ ಬಿಟ್ಟಳು.

“ಸರ, ಅಲ್ಲಿ ಗಿಡದ ಬುಡಕ ಬಿಳಿ ಇಟ್ಟಂಗಿ ಇಟ್ಟೀರಲ್ಲ, ಏನ್ರಿ ಅವು?”

ಮಹಾಂತ ಸರ ಮೊದಲ ಸಲ ತಡೆದರು. ಪರದೆಗೆ ಮುಖ ಹತ್ತಿರ ತಂದರು. “ಅವಾ? ಅವು ಸುಮ್ಮ ಶೋ ಅಂತ ಇಟ್ಟದ್ರಿ. ಚಂದ ಕಾಣ್ಲಿ ಅಂತ.”

ಶಿವಲಿಂಗವ್ವ ಹೊಟ್ಟೆ ಬಿರಿಯುವಂತೆ ನಕ್ಕಳು.

“ಕೇಳಿದ್ರೇನವ್ವಾ. ಪಾಂಡವರಿಗಿ ಶೋ ಅಂತಾನ ಇಂವ.”

ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಹೊಲದ ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ತೊಳೆದು, ಸುಣ್ಣ ಹಚ್ಚಿ, ಪಾಂಡವರೆಂದು ಕುಳ್ಳಿರಿಸಿ, ಹೊಲದ ತುಂಬ ಎಡೆಯ ಅನ್ನವನ್ನು ಚರಗವೆಂದು ಚೆಲ್ಲಿ ಬರುವುದು ಈ ಸೀಮೆಯ ತೊಟ್ಟಿಲ ಕೂಸಿಗೂ ಗೊತ್ತು. ನಂದಾ ಆಟದ ಹೊಲಕ್ಕೂ ಪಾಂಡವರನ್ನು ಕುಳ್ಳಿರಿಸಿದ್ದಳು. ಹೊಲ ಅಂದ ಮೇಲೆ ಪಾಂಡವರು ಬೇಡವೇ?

“ನಮ್ಮದು ಪ್ಯಾಟಿ ಮನಿತನಾ, ಪಾಟೀಲಬಾಯಾರ,” ಎಂದರು ಸರ, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ. “ಮೂರು ತಲಿಯಿಂದ ಅಂಗಡಿ. ಹೊಲಾನೂ ಇಲ್ಲ, ಎಳ್ಳಮಾಸಿನೂ ಇಲ್ಲ. ನಮ್ಮ ಕ್ಲಾಸಿನ ಹುಡುಗೂರು ಯಾರರ ಇಟ್ಟಿರಬೇಕು.”

“ಇರಬಹುದು. ನಂದಾ, ನೀ ಎಷ್ಟು ಇಟ್ಟಿದ್ದಿ?”

“ಐದ್ರಿ, ಅಕ್ಕಾರ.”

ಸರ ಪರದೆಯ ಮೇಲೆ ಬೆರಳಿಟ್ಟು ಎಣಿಸಿದರು. ಎಣಿಸಿ ಮುಗಿಯುವಷ್ಟರಲ್ಲಿ ಅವರ ಬೆನ್ನು ನೆಟ್ಟಗಾಯಿತು.

“ಎಲ್ಲಾರೂ ನೋಡ್ರಿ. ಐದು ಮುಂದ ಅವ, ಹಿಂದ ಒಂದು ಅದ. ಒಟ್ಟ ಆರು. ಆಕಿದು ಐದು, ನಂದು ಆರು. ಅಂದ ಮ್ಯಾಲ ಇದು ಆಕಿ ಹೊಲಾ ಹ್ಯಾಂಗ ಆಗ್ತದ್ರಿ? ಬರಕೋರಿ ಪಾಟೀಲಬಾಯಾರ, ಬರಕೋರಿ.”

ನಂದಾ ಎದ್ದು ಬಂದಳು. ಪರದೆ ನೋಡಿ ಅವಳ ಮುಖದ ಬಣ್ಣವೇ ಇಳಿಯಿತು. ಅವಳ ಹತ್ತಿರ ಉಳಿದಿದ್ದ ಫೋಟೋಗಳೆಲ್ಲ ಆಕಾಶದಿಂದ ತೆಗೆದವು. ಅವುಗಳಲ್ಲಿ ಗಿಡದ ನೆತ್ತಿ ಕಾಣುತ್ತಿತ್ತೇ ಹೊರತು ಬುಡ ಕಾಣುತ್ತಿರಲಿಲ್ಲ.

“ನಾ ಆರನೇದು ಇಟ್ಟಿಲ್ರಿ, ಅಕ್ಕಾರ. ಖರೆ ಹೇಳ್ತೀನಿ, ಇಟ್ಟಿಲ್ಲ.”

ಬಾಳಾಸಾಹೇಬ ಗಂಟಲು ಸರಿಮಾಡಿಕೊಂಡ. “ಆರನೇದು ಇರಬೇಕಲ್ಲವಾ. ಪಾಂಡವರು ಐದು, ಹಿಂದ ಕಳ್ಳ ಒಂದು. ಕಳ್ಳ ಇಲ್ಲದ ಪಾಂಡವರನ್ನ ನಾ ಎಲ್ಲೀನೂ ಕಂಡಿಲ್ಲ.”

ಅವನು ಹೇಳಿದ್ದು ಸುಳ್ಳಲ್ಲ. ಐದು ಕಲ್ಲಿನ ಹಿಂದೆ ಒಂದು ಸಣ್ಣ ಕಲ್ಲು, ಅದರ ಹೆಸರು ಕಳ್ಳ. ಐವರಿಗೆ ಎಡೆ ಹಿಡಿದ ಮೇಲೆ ಅವನಿಗೂ ಒಂದು ತುತ್ತು. ಹೊಟ್ಟೆ ತುಂಬಿದ ಕಳ್ಳ ಬೆಳೆಗೆ ಕೈ ಹಚ್ಚುವುದಿಲ್ಲ ಅನ್ನುವ ನಂಬಿಕೆ. ಅವನನ್ನು ಕುಳ್ಳಿರಿಸದೆ ಬಂದರೆ ರಾಶಿಯ ಹೊತ್ತಿಗೆ ಕಣ ಕಳುವಾಗುತ್ತದೆ ಎಂದು ಹಿರಿಯರು ಹೆದರಿಸುತ್ತಾರೆ.

“ನಮ್ಮನ್ಯಾಗ ಇಡಂಗಿಲ್ಲ,” ಎಂದಳು ಶಿವಲಿಂಗವ್ವ.

ಎಲ್ಲರೂ ಬಾಗಿಲ ಕಡೆ ತಿರುಗಿದರು. ಮುದುಕಿ ಚೌಕಟ್ಟು ಹಿಡಿದು ಎದ್ದು ನಿಂತಿದ್ದಳು.

“ಮೂವತ್ತು ವರ್ಷದ ಹಿಂದಿಂದು. ಕಣದಾಗಿಂದ ಯಾರದೋ ಜ್ವಾಳದ ಚೀಲ ಹೋತು ಅಂತ ನನ್ನ ಗಂಡ ಸೋಮನಿಂಗಪ್ಪಗ ಕಳ್ಳ ಅಂದ್ರು. ನಾಕ ಮಂದಿಯಾಗ ಅಂದ್ರು. ಎಂಟ ದಿನಕ್ಕ ಚೀಲ ಅವರ ಮನಿ ಕಾಳಿನ ಹಗೇವಿನಾಗನ ಸಿಕ್ತು. ತಪ್ಪಾತಜ್ಜಾ ಅಂದು ಹೋದ್ರು. ಅವರದು ಅಲ್ಲಿಗಿ ಮುಗೀತು, ನಮ್ಮದು ಮುಗೀಲಿಲ್ಲ. ಆ ವರ್ಷದ ಎಳ್ಳಮಾಸಿಗಿ ಆ ಕಳ್ಳನ ಕಲ್ಲು ಎತ್ತಿ ಹಳ್ಳಕ್ಕ ಒಗದ ಬಂದೆ. ನಮ್ಮ ಹೊಲದಾಗ ಕಳ್ಳಗ ಜಾಗಾ ಇಲ್ಲ. ನನ್ನ ಮಗ ಇಟ್ಟಿಲ್ಲ, ಮೊಮ್ಮಗಳೂ ಇಡಂಗಿಲ್ಲ. ಅದು ಹೊಲದ ಮಣ್ಣಾದ್ರೂ ಅಷ್ಟ, ಆಟದ ಮಣ್ಣಾದ್ರೂ ಅಷ್ಟ.”

ನಂದಾ ಅಜ್ಜಿಯ ಕೈ ಹಿಡಿದುಕೊಂಡಳು. ಈ ಹುಡುಗಿಯನ್ನು ಊರೇ ‘ಆಟದ ಹುಚ್ಚಿ’ ಅನ್ನುತ್ತಿದ್ದಾಗ ದಿನಾ ಮಧ್ಯಾಹ್ನ ಈ ಬಾಗಿಲಲ್ಲಿ ಕೂತು, ಒಡ್ಡು ಎಷ್ಟು ಎತ್ತರ ಇರಬೇಕು, ನೀರು ಯಾವ ಮೂಲೆಗೆ ತಿರುಗಬೇಕು ಎಂದು ಹೇಳಿಕೊಟ್ಟವಳು ಈ ಮುದುಕಿ. ಆ ಹೊಲದಲ್ಲಿ ಅರ್ಧ ಬುದ್ಧಿ ಇವಳದು. ಸುನಿತಾಗೆ ಎದೆ ಉಬ್ಬಿ ಬಂತು. ಇಂಥವರು ಇರುವ ಊರಿಗೆ ತಾನು ಪಾಟೀಲಳು ಎನ್ನುವುದೇ ಅವಳಿಗೆ ಒಂದು ಹೆಮ್ಮೆ.

“ಕುಂದ್ರಿ ಸರ,” ಎಂದಳು ಸುನಿತಾ. “ಆರನೇ ಕಲ್ಲಿಂದ ನಿಮ್ಮ ಹೊಲಾ ಬ್ಯಾರೆ ಅಂತ ಆಗಲಿಲ್ಲ. ಆರನೇ ಕಲ್ಲಿಂದ ನಿಮ್ಮ ಬಂಡವಾಳ ಹೊರಗ ಬಂತು.”

“ಏನಂತೀರಿ?”

“ನಿಮಗ ಪಾಂಡವರೂ ಗೊತ್ತಿಲ್ಲ, ಕಳ್ಳನೂ ಗೊತ್ತಿಲ್ಲ. ಶೋ ಅಂದ್ರಿ. ಹಂಗಾದ್ರ ಆ ಐದೂ ನೀವು ಇಟ್ಟದ್ದಲ್ಲ, ಆರನೇದೂ ನೀವು ಇಟ್ಟದ್ದಲ್ಲ. ಐದು ನಂದಾ ಇಟ್ಟಾಳ. ಆಮ್ಯಾಲ ಹೊಲಾ ಮತ್ತೊಬ್ಬರ ಕೈಗಿ ಹೋಗ್ಯದ. ಅಂವ ನಮ್ಮಾಂವ. ಐದು ಕಲ್ಲು ನೋಡ್ಯಾನ, ಹಿಂದ ಕಳ್ಳ ಇಲ್ಲ. ಜೀವ ತಡೀಲಿಲ್ಲ. ಬೆಳಿ ಕಳುವಾದೀತು ಅಂತ ಅಂಜಿ ಒಂದು ಕಲ್ಲು ಕುಂದರಿಸ್ಯಾನ. ಹೊಲಾ ಕದ್ದಾಂವ, ಹೊಲದಾಗ ಕಳುವಾಗಬಾರದಂತ ಕಳ್ಳನ್ನ ಕಾವಲಿಗಿ ಇಟ್ಟಾನ.”

ಅಮೋಗಸಿದ್ದ ತೊಡೆ ತಟ್ಟಿದ. “ಭಲೆ, ಪಾಟೀಲಬಾಯಾರ.”

ರೇವಣ್ಣ ನಗಲಿಲ್ಲ. ಮೌಸಿನಿಂದ ಗೋಧಿ ಪಟ್ಟಿಯ ಕಡೆ ಹೊಲವನ್ನು ತಿರುಗಿಸುತ್ತ, “ವೈನಿ, ವ್ಯಾಳ್ಯಾ ಆಗಾಕತ್ತದ. ಇಷ್ಟ ಬರದ ಕಳಸೂಣಲ್ಲ?” ಅಂದ.

“ತಡಿ ನೀ.” ಸುನಿತಾ ಸರನ ಎದುರಿಗೆ ಖುರ್ಚಿ ಎಳೆದುಕೊಂಡಳು. “ಇನ್ನ ಹೇಳ್ರಿ ಸರ. ನಿಮಗ ಯಾರು ತಂದು ಕೊಟ್ರು?”

“ಯಾರೂ ಕೊಟ್ಟಿಲ್ಲ.”

“ನಿಮ್ಮ ಕ್ಲಾಸಿನ ಬೋರ್ಡಿನ ಮ್ಯಾಲ ‘ಪ್ರಾಮಾಣಿಕತೆ’ ಅಂತ ಬರಸೀರಿ. ಮೊನ್ನಿ ಬಂದಾಗ ನೋಡೀನಿ. ಎಷ್ಟ ಮಕ್ಕಳು ದಿನಾ ಅದನ್ನ ಓದ್ಕೊಂತ ಒಳಗ ಬರ್ತಾವ್ರಿ?”

ಸರ ತಲೆ ಕೆಳಗೆ ಹಾಕಿದರು. ಕೆಟ್ಟವರಲ್ಲ ಅವರು. ಹದಿನೈದು ವರ್ಷದಿಂದ ಮಕ್ಕಳಿಗೆ ಕಂಪ್ಯೂಟರ್ ಕಲಿಸಿದವರು, ಒಂದು ಸಲವೂ ಅವರ ಹೆಸರು ಪೇಪರಿನಲ್ಲಿ ಬಂದಿರಲಿಲ್ಲ. ಆಸೆ ಎಂಬುದು ಶಾಣ್ಯಾನನ್ನೂ ಬೇಲಿ ಹಾರಿಸುತ್ತದೆ.

“ಪೆನ್‌ಡ್ರೈವಿನಾಗ ಬಂತು,” ಎಂದರು ಕೊನೆಗೆ, ಮೆಲ್ಲಗೆ. “ಹೋದ ಸಂತಿ ದಿನ. ಕ್ಲಾಸಿಗಿ ತಂದು ಕೈಯಾಗ ಇಟ್ರು. ‘ಇದು ಯಾರದೂ ಅಲ್ಲ, ಆಟಾ ಅಷ್ಟ, ನಿಮ್ಮ ಹೆಸರ ಹಚ್ಚಿ ಕಳಸ್ರಿ’ ಅಂದು ರೊಕ್ಕ ಇಸ್ಕೊಂಡ್ರು. ಆಮ್ಯಾಲ ಈ ಹುಡುಗಿ ಹೆಸರು ಕೇಳಿ ಅಂಜಿದೆ. ಅಂಜಿ ಅರ್ಜಿ ಬರದೆ. ತಪ್ಪಾಗ್ಯದ.”

“ತಂದ್ಕೊಟ್ಟೋರು ಯಾರು?”

“ಅದನ್ನ ಕೇಳಬ್ಯಾಡ್ರಿ. ಹೇಳಂಗಿಲ್ಲ ಅಂತ ಮಾತು ಕೊಟ್ಟೀನಿ. ಠಾಣಾದಾಗ ಕೇಳಿದ್ರೂ ಹೇಳಂಗಿಲ್ಲ. ಪೆನ್‌ಡ್ರೈವ್ ಸಿಕ್ಕಿತ್ತು ಅಂತೀನಿ.”

ಸುನಿತಾ ಗಡಿಯಾರ ನೋಡಿದಳು. ಸರ ಹೇಳದಿದ್ದರೆ ವರದಿಯಲ್ಲಿ ಹೆಸರಿಲ್ಲ. ಹೆಸರಿಲ್ಲದಿದ್ದರೆ ‘ಹುಡುಗಿಯೇ ತೆಗೆದುಕೊಟ್ಟು ಆಮೇಲೆ ಜಗಳ ತೆಗೆದಿದ್ದಾಳೆ’ ಅನ್ನಲು ನಾಳೆ ಯಾರಿಗೆ ಎಷ್ಟು ಹೊತ್ತು ಬೇಕು? ಪ್ರದರ್ಶನದ ಬಾಗಿಲಲ್ಲಿ ‘ನಂದಾ, ಸೊರಡಿ’ ಎಂಬ ಬೋರ್ಡು ಏಳಬೇಕೆಂದರೆ ಈ ಕಾಗದದಲ್ಲಿ ಇನ್ನೊಂದು ಹೆಸರು ಬೀಳಲೇಬೇಕು.

ಆದರೂ ಅವಳು ನಕ್ಕಳು. ಹಮ್ಮಿನ ನಗೆಯೇ ಅದು.

“ನೀವು ಹೇಳಬ್ಯಾಡ್ರಿ, ಸರ. ಮಾತು ಕೊಟ್ಟೀರಿ, ಇಟ್ಕೋರಿ. ಕಲ್ಲ ಹೇಳ್ತದ.”

“ಕಲ್ಲಾ?”

“ಕಳ್ಳನ್ನ ಕುಂದರಿಸೋದು ಒಬ್ಬೊಬ್ಬರ ಮನ್ಯಾಗ ಒಂದೊಂದು ಪರಿ. ಬಾಳಾಸಾಹೇಬ್ರ ಮನ್ಯಾಗ ಬಲಕ್ಕ ಇಟ್ಟು ಅರಿಶಿಣ ಹಚ್ತಾರ. ಹೌದಿಲ್ರಿ?”

ಬಾಳಾಸಾಹೇಬ ತಲೆಯಾಡಿಸಿದ.

“ಅಮೋಗಸಿದ್ದನ ಮನ್ಯಾಗ ಅರ್ಧ ಹುಗೀತಾರ. ಕಳ್ಳ ತಲಿ ಎತ್ತಬಾರದಂತ. ಈ ಊರಾಗ ನಾ ಎಷ್ಟು ಹೊಲದ ಚರಗಾ ಉಂಡೀನಿ, ಎಷ್ಟು ಬನ್ನಿ ಗಿಡದ ಬುಡ ನೋಡೀನಿ. ಕಳ್ಳ ಕುಂತದ್ದು ನೋಡಿದ್ರ ಯಾರ ಮನಿಯಾಂವ ಅಂತ ಹೇಳ್ತೀನಿ. ಎಲ್ಲಾರೂ ಕೇಳ್ರಿ. ಅಂವ ಸದಸ್ಯರ ಮನಿಯಾಂವ ಇರಲಿ, ಸಾವಕಾರ್ರ ಮನಿಯಾಂವ ಇರಲಿ, ಯಾರ ಮನಿಯಾಂವ ಇದ್ದರೂ ಇವತ್ತ, ಈ ಕಾಗದದ ಮ್ಯಾಲ, ನನ್ನ ಕೈಯಿಂದ ಹೆಸರು ಬರೀತೀನಿ.”

ಹೇಳುತ್ತ ಹೇಳುತ್ತ ಅವಳು ಪೆನ್ನಿನ ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಶಿವಲಿಂಗವ್ವ ದೂರದಿಂದಲೇ ಅವಳ ದೃಷ್ಟಿ ತೆಗೆದು ನಟಿಕೆ ಮುರಿದಳು.

“ರೇವಣ್ಣಾ, ಗಿಡದ ಹಿಂದ ಹೋಗು. ಆ ಆರನೇ ಕಲ್ಲು ದೊಡ್ಡದ ಮಾಡಿ ತೋರಸು.”

ಪರದೆ ಅಲ್ಲಾಡಲಿಲ್ಲ.

“ಅಲ್ಲೇನಿಲ್ಲ ವೈನಿ,” ಎಂದ ರೇವಣ್ಣ. “ಗಿಡಾ ಅಷ್ಟ. ಸುಮ್ಮ ವ್ಯಾಳ್ಯಾ ಹೋಗ್ತದ.”

“ಇರಲಿ, ತೋರಸು.”

“ಮೌಸ್ ಹಿಡ್ಯಾಕತ್ತದ. ಸರ್ಯಾಗಿ ತಿರಗವಲ್ದು.”

“ಕೊಡ್ರಿ ಅಣ್ಣಾರ, ನಾ ತಿರಗಸ್ತೀನಿ,” ಎಂದು ನಂದಾ ಅವನ ಕೈಯಿಂದ ಮೌಸ್ ತೆಗೆದುಕೊಂಡಳು. ಹನ್ನೊಂದು ತಿಂಗಳು ನಡೆದ ಹೊಲ. ಅವಳ ಬೆರಳಿಗೆ ಅಲ್ಲಿಯ ಒಡ್ಡು, ಕಾಲುವೆ ಎಲ್ಲ ಕಣ್ಣು ಕಟ್ಟಿದರೂ ಗೊತ್ತು. ಹೊಲ ಗರಗರ ತಿರುಗಿತು. ಗಿಡದ ಈ ಬದಿ ಹೋಗಿ ಆ ಬದಿ ಬಂತು.

ಐದು ಬಿಳಿ ಇಟ್ಟಂಗಿ ಒಂದೇ ಸಾಲಿನಲ್ಲಿ ಮೂಡಲಕ್ಕೆ ಮುಖ ಮಾಡಿ ಕೂತಿದ್ದವು. ಆರನೆಯದು ಅವುಗಳ ಬೆನ್ನ ಹಿಂದೆ ನೇರವಾಗಿ ಇರಲಿಲ್ಲ. ಎಡಕ್ಕೆ ಸರಿದು, ಮೂರು ಹೆಜ್ಜೆ ದೂರ, ಒಂದೇ ಕೂತಿತ್ತು. ಅರಿಶಿಣವಿಲ್ಲ. ಅರ್ಧ ಹುಗಿದಿಲ್ಲ. ಅದರ ನೆತ್ತಿಯ ಮೇಲೆ ಒಂದು ಹಸಿರು ಚೌಕ ಇತ್ತು. ದೂರದಿಂದ ಗಿಡದ ಟೊಂಗೆಯೆಂದೇ ಕಾಣುತ್ತಿದ್ದದ್ದು ಟೊಂಗೆಯಲ್ಲ, ಯಾರೋ ಬೇಕೆಂದೇ ಇಟ್ಟ ಎಲೆ.

ಸುನಿತಾ ಬಾಳಾಸಾಹೇಬನನ್ನು ನೋಡಿದಳು. ಅಲ್ಲ. ಅಮೋಗಸಿದ್ದನನ್ನು ನೋಡಿದಳು. ಅವನೂ ಅಲ್ಲ.

ಆಮೇಲೆ ಅವಳಿಗೆ ನೆನಪಾಯಿತು. ನೆನಪಾಗದೆ ಇದ್ದಿದ್ದರೆ ಚೆನ್ನಾಗಿತ್ತು.

ಇಪ್ಪತ್ತೊಂದು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಮೊದಲ ಎಳ್ಳಮಾಸಿ. ಬುತ್ತಿ ಹೊತ್ತುಕೊಂಡು ಗಂಡನ ಮನೆಯವರ ಸಂಗಡ ಹೊಲಕ್ಕೆ ಹೋಗಿದ್ದಳು. ಎಂಟು ವರ್ಷದ ಮೈದುನ ಮೂರು ಹೆಜ್ಜೆ ಅಳೆದು ಎಡಕ್ಕೆ ಒಂದು ಕಲ್ಲು ಇಟ್ಟು, ಬನ್ನಿ ಎಲೆ ಕಿತ್ತು ಅದರ ತಲೆ ಮೇಲೆ ಇಟ್ಟಿದ್ದ. ಇದ್ಯಾಕೋ ಎಂದು ಕೇಳಿದ್ದಕ್ಕೆ, “ಕಳ್ಳಗ ಬಿಸಲ ಹತ್ತಬಾರದು, ವೈನಿ. ಹತ್ತಿದ್ರ ಸಿಟ್ಟಾಗ್ತಾನ,” ಅಂದಿದ್ದ. ಅವತ್ತಿನಿಂದ ಪ್ರತಿ ವರ್ಷ ಆ ಮನೆಯಲ್ಲಿ ಕಳ್ಳನನ್ನು ಕುಳ್ಳಿರಿಸುವ ಕೈ ಅದೇ. ಊರಿನಲ್ಲಿ ಬೇರೆ ಯಾವ ಮನೆಯಲ್ಲೂ ಎಲೆ ಇಡುವುದಿಲ್ಲ.

ಆ ಕೈ ಈಗ ಅವಳಿಂದ ಎರಡು ಮೊಳ ದೂರದಲ್ಲಿ, ಮೇಜಿನ ಅಂಚು ಹಿಡಿದಿತ್ತು.

“ಯಾರ ಮನೀದ್ರಿ, ಅಕ್ಕಾರ?” ಎಂದು ಕೇಳಿದಳು ನಂದಾ.

ಸುನಿತಾ ಕಾಗದದ ಕಡೆ ನೋಡಿದಳು. ಒಂದು ಮಾತು ಸಾಕಿತ್ತು. ‘ಇದು ಗೊತ್ತಾಗವಲ್ದು’ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪಾಟೀಲಬಾಯಿಯ ಮಾತಿಗೆ ಇಲ್ಲಿ ಎದುರಾಡುವವರು ಯಾರು? ರೇವಣ್ಣ ಅವಳ ಕಡೆ ನೋಡುತ್ತಿದ್ದ. ಎಂಟು ವರ್ಷದವನಿದ್ದಾಗ ಕುರಿ ತಪ್ಪಿಸಿಕೊಂಡು ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದ ನೋಟವೇ ಅದು.

ಅಷ್ಟರಲ್ಲಿ ಬಾಗಿಲಲ್ಲಿ ಬಳೆಯ ಸದ್ದಾಯಿತು. ಅತ್ತೆ ಅಕ್ಕವ್ವ. ತಲೆ ಮೇಲೆ ರೊಟ್ಟಿಯ ಗಂಟು.

“ಊಟದ ಹೊತ್ತ ಮೀರಿ ಹೋತು, ಇಬ್ಬರೂ ಮನಿ ಕಡಿ ಬರವಲ್ರಿ ಅಂತ ನಾನ ಬಂದೆ,” ಎನ್ನುತ್ತ ಒಳಗೆ ಬಂದಳು. ಎಪ್ಪತ್ತು ದಾಟಿದರೂ ಒಂದು ಹರದಾರಿ ದೂರದ ಕುರಿ ಯಾರ ಹಟ್ಟಿಯದೆಂದು ಹೇಳುವ ಕಣ್ಣು ಅವಳದು. ಗಂಟು ಇಳಿಸಲು ಬಗ್ಗಿದವಳು ದೊಡ್ಡ ಪರದೆ ನೋಡಿ ಹಾಗೆಯೇ ನಿಂತಳು. ಮುಖ ಅರಳಿತು.

“ಅಯ್ಯ, ಇಂವ ನಮ್ಮ ಕಳ್ಳ ಅಲ್ಲೇನ?”

ಅಕ್ಕವ್ವ ಗಂಟು ಹಿಡಿದುಕೊಂಡೇ ಪರದೆಯ ಹತ್ತಿರ ಬಂದಳು.

“ಹೌದು, ನಮ್ಮಾಂವನ. ಎಡಕ್ಕ, ಮೂರ ಹೆಜ್ಜಿ. ರೇವಣ್ಣಾ, ಕಂಪ್ಯೂಟರದಾಗೂ ಮರೀಲಿಲ್ಲಲ್ಲೋ ನೀ. ಬಿಸಲ ಹತ್ತಬಾರದಂತ ಇಲ್ಲೀನೂ ಎಲಿ ಇಟ್ಟೀಯಲ್ಲ. ಶಾಣ್ಯಾ ನನ್ನ ಮಗ.” ಅಕ್ಕವ್ವ ಕೋಣೆಯಲ್ಲಿದ್ದವರನ್ನೆಲ್ಲ ಹೆಮ್ಮೆಯಿಂದ ನೋಡಿದಳು. “ನೋಡ್ರಿ, ಎಷ್ಟ ಕಲತ್ರೂ ಮನಿ ಪದ್ಧತಿ ಬಿಟ್ಟಿಲ್ಲ.”

ಮಹಾಂತ ಸರ ಕಣ್ಣು ಮುಚ್ಚಿಕೊಂಡರು. ಬಾಳಾಸಾಹೇಬ ಗೋಡೆಯ ಕಡೆ ನೋಡಿದ.

“ಅಕ್ಕಾರ,” ಎಂದಳು ನಂದಾ ಸಣ್ಣ ದನಿಯಲ್ಲಿ. “ಬ್ಯಾಡ ಬಿಡ್ರಿ. ನಾ ಮತ್ತೊಂದು ಹೊಲಾ ಕಟ್ತೀನಿ.”

ಆ ಮಾತು ಕೇಳದಿದ್ದರೆ ಸುನಿತಾ ಏನು ಮಾಡುತ್ತಿದ್ದಳೋ ದೇವರೇ ಬಲ್ಲ. ಕಳೆದುಕೊಂಡವಳೇ ಬಿಟ್ಟುಕೊಡುತ್ತೇನೆ ಅಂದದ್ದು ಅವಳ ಬೆನ್ನಿಗೆ ಬಾರುಕೋಲಿನಂತೆ ಬಿತ್ತು. ಕಾಗದ ಹತ್ತಿರ ಎಳೆದುಕೊಂಡಳು. ಖುರ್ಚಿ ನೇರ ಮಾಡಿ ಕೂತಳು. ಇಪ್ಪತ್ತೊಂದು ವರ್ಷ ‘ಏ ರೇವಣ್ಣಾ’ ಎಂದು ಕರೆದು, ಎಣ್ಣೆ ಹಚ್ಚಿ ಎರೆದು, ಸಾಲಿಗೆ ಕಳಿಸಿದ ಮೈದುನನಿಗೆ ಮೊದಲ ಸಲ ‘ರಿ’ ಹಚ್ಚಿ ಮಾತಾಡಿದಳು.

“ನಿಮ್ಮ ಪೂರಾ ಹೆಸರು ಹೇಳ್ರಿ.”

ಅಕ್ಕವ್ವನ ಕೈಯಿಂದ ರೊಟ್ಟಿಯ ಗಂಟು ಬೆಂಚಿನ ಮೇಲೆ ಕುಸಿಯಿತು. ಏನಾಯಿತೆಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ. ಏನೋ ಆಗಿದೆ ಎಂದಷ್ಟೇ ತಿಳಿದಿತ್ತು.

ರೇವಣ್ಣ ತಾಯಿಯನ್ನು ನೋಡಿದ, ನಂದಾಳನ್ನು ನೋಡಿದ, ಕೊನೆಗೆ ಪೆನ್ನಿನ ಮೊನೆ ನೋಡಿದ.

“ಹೊಲಾ ಪೆನ್‌ಡ್ರೈವಿಗಿ ಹಾಕಿದಾಂವ ನಾನ, ವೈನಿ. ಕಲ್ಲು ಇಟ್ಟಾಂವನೂ ನಾನ. ಬರಕೋರಿ, ನಾ ಬ್ಯಾಡ ಅನ್ನಂಗಿಲ್ಲ.” ಅವನು ಮೇಜಿನ ಅಂಚು ಬಿಟ್ಟ. “ಆದ್ರ ನಾ ಎರಡನೇದಾಂವ. ಹಾಕು ಅಂತ ಹೇಳಿದಾಂವ, ಸಂತಿ ದಿನ ಗಾಡ್ಯಾಗ ಜತ್ತಕ್ಕ ಒಯ್ದು ಕೊಟ್ಟಾಂವ ಬ್ಯಾರೆ. ಮೊದಲ ನಮ್ಮ ಬಸಗೊಂಡಣ್ಣನ ಹೆಸರು ಬರಕೋರಿ.”